ಬೆಲೆ ಚೀಟಿ ಕೊನೆಗೆ ನೋಡಿ: ಡಿಸ್ಕೌಂಟ್ ಅಂಗಡಿಯಲ್ಲಿ ಒಳ್ಳೆಯ ಮಾಲು ಹುಡುಕುವ ಬಗೆ

ಡಿಸ್ಕೌಂಟ್ ಅಂಗಡಿಯಲ್ಲಿ ನಾನು ಮೊದಲು ಕೆಲಸಕ್ಕೆ ಹಚ್ಚುವುದು ಕೈಯನ್ನು. ಕಣ್ಣಿನ ಸರದಿ ಆಮೇಲೆ. ಹ್ಯಾಂಗರ್‌ಗಳಲ್ಲಿ ಒತ್ತೊತ್ತಾಗಿ ತೂಗುವ ನೂರಾರು ಅಂಗಿಗಳ ತೋಳಿನ ಮೇಲೆ ಬೆರಳು ಆಡಿಸುತ್ತಾ ಸುಮ್ನೆ ನಡೆಯುತ್ತೇನೆ. ನುಣ್ಣಗಿನ ಪಾಲಿಯೆಸ್ಟರ್, ಮತ್ತೆ ಪಾಲಿಯೆಸ್ಟರ್, ತೆಳು ಹತ್ತಿ, ಮತ್ತೆ ಪಾಲಿಯೆಸ್ಟರ್. ಇದ್ದಕ್ಕಿದ್ದಂತೆ ಒಂದು ಕಡೆ ಬೆರಳು ನಿಲ್ಲುತ್ತದೆ. ತಂಪಾಗಿದೆ, ಸ್ವಲ್ಪ ಒರಟು, ಅಲ್ಲಲ್ಲಿ ಎಳೆ ದಪ್ಪಗಾಗಿದೆ. ಲಿನನ್! ಹೊರಗೆಳೆದು ನೋಡಿದರೆ ಯಾರೋ ತಪ್ಪು ಸಾಲಿಗೆ ತೂಗುಹಾಕಿ ಹೋದ ಅಂಗಿ, ನನ್ನದೇ ಅಳತೆ, ಒಂದು ಗುಂಡಿ ಮಾತ್ರ ಇಲ್ಲ. ಆ ಕ್ಷಣದ ಖುಷಿಗಾಗಿಯೇ ನಾನು ಇಂಥ ಅಂಗಡಿಗಳಿಗೆ ಹೋಗುವುದು. ಮಾಮೂಲಿ ಅಂಗಡಿಯಲ್ಲಿ ಬೇಕಾದ್ದನ್ನು ಕೇಳಿದರೆ ತಂದುಕೊಡುತ್ತಾರೆ. ಇಲ್ಲಿ ನಾವೇ ಹುಡುಕಬೇಕು, ಆ ಹುಡುಕಾಟವೇ ಅರ್ಧ ಸುಖ.

ಆದರೆ ಹುಡುಕಾಟಕ್ಕೂ ಒಂದು ವರಸೆ ಇದೆ. ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದು ಒಂದೇ ಮಾತಿಗೆ ಬಂದು ನಿಲ್ಲುತ್ತದೆ. ಮೊದಲು ಕೈ, ಆಮೇಲೆ ಕಣ್ಣು, ಬೆಲೆ ಚೀಟಿ ಕೊನೆಗೆ.

ಯಾಕೆ ಕೊನೆಗೆ? ಚೀಟಿಯ ಮೇಲೆ ಎರಡು ಸಂಖ್ಯೆ ಇರುತ್ತವೆ. ಗೀಟು ಎಳೆದ ದೊಡ್ಡದೊಂದು, ಅದರ ಕೆಳಗೆ ಕೆಂಪಿನಲ್ಲಿ ಚಿಕ್ಕದೊಂದು. ದೊಡ್ಡದನ್ನು ಮೊದಲು ಕಂಡರೆ ಮನಸ್ಸು ಅದಕ್ಕೇ ಗಂಟುಬೀಳುತ್ತದೆ. ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲೇ ಇದನ್ನು ತೋರಿಸಿದ್ದರು: ಮೊದಲು ಕಂಡ ಸಂಖ್ಯೆ, ಅದಕ್ಕೂ ವಿಷಯಕ್ಕೂ ಸಂಬಂಧವೇ ಇಲ್ಲದಿದ್ದರೂ, ನಮ್ಮ ಅಂದಾಜನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ನಾನು ಚೀಟಿ ನೋಡುವಾಗ ಹಳೆಯ ಬೆಲೆಯ ಮೇಲೆ ಹೆಬ್ಬೆರಳು ಇಡುತ್ತೇನೆ. ನಿಜಕ್ಕೂ ಇಡುತ್ತೇನೆ. ಕಾಣುತ್ತಿರುವ ಬೆಲೆಯೊಂದೇ ಇದರ ಬೆಲೆ, ರಿಯಾಯಿತಿ ಅನ್ನೋದೇ ಇಲ್ಲ ಅಂದುಕೊಂಡರೂ ಇದನ್ನು ಕೊಳ್ಳುತ್ತೇನಾ? ಹೌದು ಅನ್ನಿಸಿದರೆ ಬುಟ್ಟಿಗೆ. ಇಲ್ಲ ಅನ್ನಿಸಿದರೆ ಎಂಬತ್ತು ಪರ್ಸೆಂಟ್ ಇಳಿಸಿದ್ದರೂ ವಾಪಸ್ ಸಾಲಿಗೆ.

ಇಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಾರೆ?

ಇದನ್ನು ತಿಳಿದುಕೊಂಡರೆ ಏನನ್ನು ನಂಬಬೇಕು, ಏನನ್ನು ನಂಬಬಾರದು ಅನ್ನೋದು ತಾನಾಗಿ ಗೊತ್ತಾಗುತ್ತದೆ. ಮಾಲು ಬರುವ ದಾರಿಗಳು ಹಲವು. ಕಂಪನಿ ಅಂದಾಜು ತಪ್ಪಿ ಜಾಸ್ತಿ ಹೊಲಿಸಿರುತ್ತದೆ. ದೊಡ್ಡ ಅಂಗಡಿಯವರು ಆರ್ಡರ್ ಕೊಟ್ಟು ಕೊನೆ ಗಳಿಗೆಯಲ್ಲಿ ಬೇಡ ಅಂದಿರುತ್ತಾರೆ. ಸೀಸನ್ ಮುಗಿದಿರುತ್ತದೆ, ಡಬ್ಬಿಯ ವಿನ್ಯಾಸ ಬದಲಾಗಿರುತ್ತದೆ, ಮಧ್ಯದ ಸೈಜುಗಳೆಲ್ಲ ಹೋಗಿ ತೀರಾ ಚಿಕ್ಕದು ತೀರಾ ದೊಡ್ಡದು ಮಾತ್ರ ಉಳಿದಿರುತ್ತದೆ. ಇಂಥ ಮಾಲಿನಲ್ಲಿ ದೋಷವೇನೂ ಇಲ್ಲ. ನಮಗೆ ಬೇಕಿರುವುದು ಇದೇ. ಇಂಥ ಬಟ್ಟೆಯ ಕತ್ತಿನ ಲೇಬಲ್ ಮೇಲೆ ಕೆಲವೊಮ್ಮೆ ಪೆನ್ನಿನ ಗೀಟು ಇರುತ್ತದೆ, ಅಥವಾ ಲೇಬಲ್ ಅರ್ಧ ಕತ್ತರಿಸಿರುತ್ತದೆ. ಹೆದರಬೇಡಿ. ಅಗ್ಗಕ್ಕೆ ಕೊಂಡು ಮೂಲ ಅಂಗಡಿಗೆ ಹಿಂದಿರುಗಿಸಿ ಪೂರ್ತಿ ದುಡ್ಡು ಕೇಳಬಾರದು ಅಂತ ಹಾಗೆ ಮಾಡುತ್ತಾರೆ.

ಎರಡನೆಯದು ಸೆಕೆಂಡ್ಸ್, ಅಂದರೆ ತಯಾರಿಕೆಯಲ್ಲೇ ಏನೋ ಎಡವಟ್ಟಾದ ಮಾಲು. ಇದೂ ಕೆಟ್ಟದ್ದಲ್ಲ, ಆದರೆ ತಪ್ಪು ಎಲ್ಲಿದೆ ಅಂತ ನೀವು ಕಂಡುಹಿಡಿಯಲೇಬೇಕು. ಟವೆಲಿನ ಅಂಚಿನಲ್ಲಿ ಒಂದು ಎಳೆ ತಪ್ಪಿದ್ದರೆ ಏನಾಯಿತು? ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಅರ್ಧ ಇಂಚು ಉದ್ದವಿದ್ದರೆ ಮಾತ್ರ ಕಷ್ಟ. ತಪ್ಪು ಸಿಗುವವರೆಗೂ ಹುಡುಕಿ. ಸಿಗಲೇ ಇಲ್ಲವೆಂದರೆ ಕೊಳ್ಳಬೇಡಿ, ಅದು ಮನೆಯಲ್ಲಿ ಸಿಗುತ್ತದೆ.

ಮೂರನೆಯದರ ಬಗ್ಗೆ ಎಚ್ಚರ ಬೇಕು. ಕೆಲವು ಕಂಪನಿಗಳು ಔಟ್‌ಲೆಟ್ ಅಂಗಡಿಗಳಿಗೆಂದೇ ಬೇರೆ ಮಾಲು ಹೊಲಿಸುತ್ತವೆ. ಹೆಸರು ಅದೇ, ಬಟ್ಟೆ ತೆಳು, ಒಳಪದರ ಇಲ್ಲ, ಗುಂಡಿ ಪ್ಲಾಸ್ಟಿಕ್ಕಿನದು. ಅದರ ಮೇಲಿರುವ ಗೀಟು ಎಳೆದ 'ಮೂಲ ಬೆಲೆ'ಯನ್ನು ಯಾವ ಗಿರಾಕಿಯೂ ಎಂದೂ ಕೊಟ್ಟಿರುವುದಿಲ್ಲ. ಒಂದೇ ಅಂಗಿ ಎಲ್ಲಾ ಸೈಜಿನಲ್ಲೂ, ಎಲ್ಲಾ ಬಣ್ಣದಲ್ಲೂ, ಅಚ್ಚುಕಟ್ಟಾಗಿ ರಾಶಿರಾಶಿ ಇದ್ದರೆ ನನಗೆ ಅನುಮಾನ ಶುರು. ಉಳಿಕೆ ಮಾಲು ಹಾಗಿರುವುದಿಲ್ಲ, ಅಲ್ವಾ? ಅದು ಬಿಡಿಬಿಡಿಯಾಗಿ, ಇದೊಂದು ಅದೊಂದು ಅನ್ನುವಂತೆ ಇರುತ್ತದೆ.

ಇನ್ನು ಬೆಲೆ ಯಾವಾಗ ಇಳಿಯುತ್ತದೆ ಅನ್ನೋ ವಿಷಯ. ಬಹಳ ಅಂಗಡಿಗಳಲ್ಲಿ ಅದು ಹಂತಹಂತವಾಗಿ ಇಳಿಯುತ್ತದೆ. ಇದರ ಹಳೆಯ ಉದಾಹರಣೆ ನನಗೆ ತುಂಬಾ ಇಷ್ಟ. ಎಡ್ವರ್ಡ್ ಫೈಲೀನ್ ಎಂಬ ವ್ಯಾಪಾರಿ 1909ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ತನ್ನ ಅಂಗಡಿಯ ನೆಲಮಾಳಿಗೆಯಲ್ಲಿ ಅಗ್ಗದ ವ್ಯಾಪಾರ ತೆರೆದ. ಅಲ್ಲಿ ಮಾಲಿನ ಮೇಲೆ ತಾರೀಖು ಹಾಕಿರುತ್ತಿದ್ದರು. 12 ದಿನ ಮಾರಾಟವಾಗದಿದ್ದರೆ ಕಾಲು ಭಾಗ ಕಡಿತ, 18 ದಿನಕ್ಕೆ ಅರ್ಧ, 24 ದಿನಕ್ಕೆ ಮುಕ್ಕಾಲು, 30 ದಿನವಾದರೂ ಉಳಿದರೆ ದಾನಕ್ಕೆ. ಗಿರಾಕಿಯ ಪಾಡು ಯೋಚಿಸಿ: ಇನ್ನು ಆರು ದಿನ ಕಾದರೆ ಅರ್ಧ ಬೆಲೆ, ಆದರೆ ಅಷ್ಟರಲ್ಲಿ ಬೇರೆಯವರು ಎತ್ತಿಕೊಂಡು ಹೋದರೆ? ನಾವು ಇವತ್ತಿಗೂ ಅದೇ ಆಟ ಆಡುತ್ತಿದ್ದೇವೆ. ನನ್ನ ಲೆಕ್ಕ ಸರಳ. ನನ್ನ ಸೈಜಿನದು ಒಂದೇ ಉಳಿದಿದ್ದರೆ ಮತ್ತು ನಿಜವಾಗಿ ಬೇಕಿದ್ದರೆ ಅವತ್ತೇ ಕೊಳ್ಳುತ್ತೇನೆ. ಹತ್ತಾರು ಇದ್ದರೆ ಕಾಯುತ್ತೇನೆ.

ಹೋಗುವ ಹೊತ್ತಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲಸದ ದಿನ, ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಬೇಗ. ಗದ್ದಲ ಇರುವುದಿಲ್ಲ, ಸಾಲುಗಳು ಇನ್ನೂ ಕಲಸಿರುವುದಿಲ್ಲ. ಹೊಸ ಮಾಲು ಯಾವ ದಿನ ಬರುತ್ತದೆ ಅಂತ ಅಲ್ಲಿ ಕೆಲಸ ಮಾಡುವವರನ್ನು ನಗುಮುಖದಿಂದ ಕೇಳಿ, ಬಹಳಷ್ಟು ಜನ ಹೇಳುತ್ತಾರೆ. ಹೊಟ್ಟೆ ಹಸಿದುಕೊಂಡು ಹೋಗಬೇಡಿ, ಬೇಸರದಲ್ಲಿದ್ದಾಗಲಂತೂ ಬೇಡ. ಬೇಸರದಲ್ಲಿ ಕೊಂಡದ್ದು ಕಪಾಟಿನ ಮೂಲೆ ಸೇರುತ್ತದೆ.

ಹೋಗುವಾಗ ಜೇಬಿನಲ್ಲಿ ಮೂರು ವಸ್ತು ಇರಲಿ: ಒಂದು ಅಳತೆ ಟೇಪು, ಒಂದು ಪುಟ್ಟ ಅಯಸ್ಕಾಂತ, ಮತ್ತು ಮನೆಯ ಅಳತೆಗಳನ್ನು ಬರೆದುಕೊಂಡ ಫೋನು. ಕಿಟಕಿಯ ಅಗಲ ಮತ್ತು ಎತ್ತರ, ಹಾಸಿಗೆಯ ಉದ್ದ, ಅಗಲ, ದಪ್ಪ, ಶೆಲ್ಫಿನ ಆಳ. ಜೊತೆಗೆ ನಿಮಗೆ ಸರಿಯಾಗಿ ಒಪ್ಪುವ ಒಂದು ಅಂಗಿಯ ಅಳತೆ. ಆ ಅಂಗಿಯನ್ನು ನೆಲದ ಮೇಲೆ ಹರಡಿ ಒಂದು ಕಂಕುಳಿನಿಂದ ಇನ್ನೊಂದಕ್ಕೆ, ಒಂದು ಭುಜದ ಹೊಲಿಗೆಯಿಂದ ಇನ್ನೊಂದಕ್ಕೆ ಅಳೆದಿಟ್ಟುಕೊಳ್ಳಿ. ಸೈಜಿನ ಅಕ್ಷರ ಕಂಪನಿಗೊಂದು ಥರ, ಟೇಪು ಎಲ್ಲಾ ಕಡೆ ಒಂದೇ. ನಾನು ಒಮ್ಮೆ ಅಳತೆ ಇಲ್ಲದೆ, ಬಣ್ಣ ನೋಡಿ ಮನಸೋತು ಪರದೆ ತಂದೆ. ನೇತುಹಾಕಿದಾಗ ನಾಲ್ಕು ಬೆರಳು ಗಿಡ್ಡ. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು. ಅಕ್ಕ ಕೆಳಗೆ ಬೇರೆ ಬಟ್ಟೆಯ ಪಟ್ಟಿ ಕೊಟ್ಟು ಹೊಲಿದು ಉಳಿಸಿಕೊಟ್ಟಳು. ಅವತ್ತಿನಿಂದ ಅಳತೆ ಬರೆದಿಟ್ಟುಕೊಳ್ಳದೆ ನಾನು ಮನೆ ಸಾಮಾನಿನ ಕಡೆ ತಲೆ ಹಾಕಿಲ್ಲ.

ಬಟ್ಟೆ: ಒಳಗಡೆಯಿಂದ ಓದಿ

ಕೈಗೆ ಸಿಕ್ಕಿದ್ದು ಚೆನ್ನಾಗಿದೆ ಅನ್ನಿಸಿತು. ಈಗ ಅಂಗಿಯನ್ನು ಹ್ಯಾಂಗರ್‌ನಿಂದ ತೆಗೆದು ಒಳಮಗ್ಗುಲು ಹೊರಗೆ ಮಾಡಿ. ಹೊರಗಿನ ಅಂದ ನೋಡಿ ಮೋಸಹೋಗಬಹುದು, ಒಳಗಿನ ಹೊಲಿಗೆ ಮೋಸ ಮಾಡುವುದಿಲ್ಲ. ಹೊಲಿಗೆಯ ಎರಡು ಬದಿ ಹಿಡಿದು ನಿಧಾನಕ್ಕೆ ಎಳೆಯಿರಿ. ನಡುವೆ ಏಣಿಯ ಮೆಟ್ಟಿಲಿನಂತೆ ದಾರ ಕಾಣಿಸಿದರೆ ಬೇಡ, ಆರು ತಿಂಗಳಿಗೆ ಬಿಟ್ಟುಕೊಳ್ಳುತ್ತದೆ. ಒಂದು ಇಂಚಿಗೆ ಎಷ್ಟು ಹೊಲಿಗೆ ಅಂತ ಎಣಿಸಿ. ಹತ್ತು ಹನ್ನೆರಡು ಇದ್ದರೆ ಮಾಮೂಲಿ ಅಂಗಿಗೆ ಚೆನ್ನಾಗಿದೆ, ಇನ್ನೂ ಜಾಸ್ತಿ ಇದ್ದರೆ ಮನಸ್ಸಿಟ್ಟು ಮಾಡಿದ ಕೆಲಸ. ಆರು ಏಳು ಇದ್ದರೆ ಅವಸರದಲ್ಲಿ ಹೊಲಿದದ್ದು. ಹೊಲಿಗೆಯ ಆಚೆ ಒಂದಿಷ್ಟು ಬಟ್ಟೆ ಬಿಟ್ಟಿದ್ದಾರಾ ನೋಡಿ. ಆ ಅರ್ಧ ಇಂಚು ಇದ್ದರೆ ಟೈಲರ್ ಮುಂದೆ ಸಡಿಲ ಮಾಡಿಕೊಡಬಹುದು, ಇಲ್ಲದಿದ್ದರೆ ಏನೂ ಮಾಡಲಾಗದು.

ಗೆರೆ ಅಥವಾ ಚೌಕಳಿ ಬಟ್ಟೆಯಾದರೆ ಇನ್ನೂ ಸುಲಭ. ಬದಿಯ ಹೊಲಿಗೆಯಲ್ಲಿ, ಜೇಬಿನ ಅಂಚಿನಲ್ಲಿ ಗೆರೆಗೆ ಗೆರೆ ಕೂಡಿದೆಯಾ? ಹಾಗೆ ಕೂಡಿಸಲು ಜಾಸ್ತಿ ಬಟ್ಟೆ ಬೇಕು, ಜಾಸ್ತಿ ಹೊತ್ತು ಬೇಕು. ಅಷ್ಟು ಮಾಡಿದವರು ಉಳಿದ ಕೆಲಸವನ್ನೂ ಸರಿಯಾಗಿಯೇ ಮಾಡಿರುತ್ತಾರೆ. ಟೀ ಶರ್ಟ್ ಆದರೆ ಭುಜ ಹಿಡಿದು ಎತ್ತಿ, ಬದಿಯ ಹೊಲಿಗೆ ನೇರವಾಗಿ ಇಳಿದಿದೆಯಾ ನೋಡಿ. ಅಂಗಡಿಯಲ್ಲೇ ಹೊಲಿಗೆ ಹೊಟ್ಟೆಯ ಕಡೆ ತಿರುಗುತ್ತಿದ್ದರೆ ಎರಡು ಸಲ ಒಗೆದ ಮೇಲೆ ಪೂರ್ತಿ ತಿರುಚಿಕೊಳ್ಳುತ್ತದೆ.

ಆಮೇಲೆ ಮುಷ್ಟಿ ಪರೀಕ್ಷೆ. ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಹತ್ತು ಎಣಿಸಿ ಬಿಡಿ. ಸುಕ್ಕು ಎಷ್ಟು ಉಳಿಯುತ್ತದೋ ನಿಮ್ಮ ಇಸ್ತ್ರಿ ಕೆಲಸ ಅಷ್ಟು. ಲಿನನ್ ಸುಕ್ಕಾಗುವುದು ಸಹಜ, ಅದು ಅದರ ಗುಣ. ಆದರೆ ದಿನಾ ಕೆಲಸಕ್ಕೆ ಹಾಕುವ ಪ್ಯಾಂಟು ಹಾಗೆ ಸುಕ್ಕಾದರೆ ಯೋಚಿಸಿ. ಬಟ್ಟೆಯನ್ನು ದೀಪದ ಕಡೆ ಹಿಡಿಯಿರಿ. ಹಿಂದಿಟ್ಟ ಕೈಯ ಬೆರಳುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡರೆ ಅದು ತೆಳುವಾಯಿತು. ಉಣ್ಣೆ ಅಥವಾ ಅಕ್ರಿಲಿಕ್ ಸ್ವೆಟರ್ ಆದರೆ ಎರಡು ಪದರವನ್ನು ಬೆರಳಿನ ನಡುವೆ ಸ್ವಲ್ಪ ಹೊತ್ತು ಉಜ್ಜಿ. ಅಂಗಡಿಯಲ್ಲೇ ಗುಂಜು ಏಳಲು ಶುರುವಾದರೆ ಮನೆಯಲ್ಲಿ ಒಂದು ತಿಂಗಳಿಗೆ ಹಳೆಯದಾಗಿ ಕಾಣುತ್ತದೆ.

ಜಿಪ್ಪನ್ನು ಒಂದು ಸಲ ಎಳೆದು ಬಿಡಬೇಡಿ, ನಾಲ್ಕೈದು ಸಲ ಮೇಲೆ ಕೆಳಗೆ ಓಡಿಸಿ. ಅಂಗಿಯ ಗುಂಡಿ ಬಿದ್ದರೆ ಮನೆಯಲ್ಲಿ ಹತ್ತು ನಿಮಿಷದ ಕೆಲಸ, ಜಾಕೆಟಿನ ಜಿಪ್ ಹೋದರೆ ಜಾಕೆಟ್ಟೇ ಹೋದಂತೆ. ಜಿಪ್ಪಿನ ಹಿಡಿಯ ಮೇಲೆ 'ವೈಕೆಕೆ' ಎಂಬ ಮೂರು ಅಕ್ಷರ ಕಂಡರೆ ನನಗೆ ಸಮಾಧಾನ. 1934ರಲ್ಲಿ ಜಪಾನಿನಲ್ಲಿ ಶುರುವಾದ ಕಂಪನಿ ಅದು, ಅದರ ಜಿಪ್ಪುಗಳು ಅಷ್ಟು ಸುಲಭಕ್ಕೆ ಕೈಕೊಡುವುದಿಲ್ಲ. ಕಾಜಾಗಳ ಸುತ್ತ ದಾರ ಒತ್ತಾಗಿದೆಯಾ, ಒಳಗಡೆ ಬಿಡಿ ಗುಂಡಿ ಹೊಲಿದಿದ್ದಾರಾ ಅಂತಲೂ ನೋಡಿ.

ಒಗೆಯುವ ಚಿಹ್ನೆಗಳ ಪುಟ್ಟ ಲೇಬಲ್ಲನ್ನು ಯಾರೂ ಓದುವುದಿಲ್ಲ, ಆದರೆ ಬಟ್ಟೆಯ ಮುಂದಿನ ಖರ್ಚೆಲ್ಲ ಅಲ್ಲಿದೆ. ನೀರಿನ ತೊಟ್ಟಿ ಅಂದರೆ ಒಗೆಯಬಹುದು, ಅದರೊಳಗಿನ ಸಂಖ್ಯೆ ನೀರು ಎಷ್ಟು ಬಿಸಿ ಇರಬಹುದು ಅನ್ನೋದು. ತೊಟ್ಟಿಯಲ್ಲಿ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು. ತ್ರಿಕೋನ ಬ್ಲೀಚಿಗೆ, ಚೌಕ ಒಣಗಿಸುವುದಕ್ಕೆ, ಇಸ್ತ್ರಿಪೆಟ್ಟಿಗೆಯ ಒಳಗಿನ ಚುಕ್ಕೆ ಒಂದಾದರೆ ಕಡಿಮೆ ಬಿಸಿ, ಮೂರಾದರೆ ಜಾಸ್ತಿ. ಯಾವುದರ ಮೇಲೆ ಅಡ್ಡಗೀಟು ಇದೆಯೋ ಅದು ಬೇಡ. ತೊಟ್ಟಿಯ ಮೇಲೆ ಅಡ್ಡಗೀಟು ಇದ್ದು ಪಕ್ಕದಲ್ಲಿ ಬರಿಯ ವೃತ್ತ ಇದೆಯಾ? ಹಾಗಿದ್ದರೆ ಪ್ರತಿ ಸಲವೂ ಡ್ರೈಕ್ಲೀನಿಂಗ್. ಅಂಥ ಅಗ್ಗದ ಅಂಗಿ ವರ್ಷ ಕಳೆಯುವುದರಲ್ಲಿ ದುಬಾರಿ ಅಂಗಿಯಾಗಿರುತ್ತದೆ.

ಟ್ರಯಲ್ ರೂಮಿನಲ್ಲಿ ಬರೀ ಕನ್ನಡಿ ನೋಡಿ ಬಂದರೆ ಸಾಲದು. ಕೂತುಕೊಳ್ಳಿ, ಕೈ ಮೇಲೆತ್ತಿ, ಶೂ ಲೇಸ್ ಕಟ್ಟುವಂತೆ ಬಗ್ಗಿ. ಭುಜ ಸರಿ ಇಲ್ಲದಿದ್ದರೆ ಬಿಟ್ಟುಬಿಡಿ, ಭುಜ ಸರಿಮಾಡಿಸುವುದು ಕಷ್ಟದ ಕೆಲಸ, ಖರ್ಚೂ ಜಾಸ್ತಿ. ಪ್ಯಾಂಟಿನ ಉದ್ದ, ಸೊಂಟ, ತೋಳಿನ ಉದ್ದ ಇವೆಲ್ಲ ಟೈಲರ್ ಕೈಯಲ್ಲಿ ಸುಲಭ. ಆದರೆ ಆಲ್ಟ್ರೇಷನ್ ಖರ್ಚನ್ನು ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಿ. 'ಸ್ವಲ್ಪ ಸಣ್ಣ ಆದಮೇಲೆ ಹಾಕಿಕೊಳ್ಳುತ್ತೇನೆ' ಅನ್ನುವ ಬಟ್ಟೆ ಬೇಡ. ಇವತ್ತು ಇರುವ ಮೈಗೆ ಚೆನ್ನಾಗಿ ಒಪ್ಪುವ ಬಟ್ಟೆ ಹಾಕಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ.

ಮನೆ ಸಾಮಾನು: ತಟ್ಟಿ, ಎತ್ತಿ, ಅಲುಗಾಡಿಸಿ

ಗಾಜಿನ ಲೋಟ, ಪಿಂಗಾಣಿ ಬಟ್ಟಲು ಇವನ್ನು ಅಂಗೈ ಮೇಲಿಟ್ಟು ಉಗುರಿನಿಂದ ತಟ್ಟಿ. ಗಂಟೆಯಂಥ ಸದ್ದು ಬಂದರೆ ಸರಿ. ಮಂಕಾದ 'ಟಕ್' ಅನ್ನುವ ಸದ್ದು ಬಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕು ಇರಬಹುದು. ಬಾಯಿಯ ಅಂಚಿನ ಸುತ್ತ ಬೆರಳು ಆಡಿಸಿ, ಚಕ್ಕೆ ಎದ್ದಿದ್ದರೆ ಕಣ್ಣಿಗಿಂತ ಬೇಗ ಬೆರಳಿಗೆ ಸಿಗುತ್ತದೆ. ತಟ್ಟೆ, ಬಾಣಲೆಗಳನ್ನು ಸಪಾಟಾದ ಶೆಲ್ಫಿನ ಮೇಲಿಟ್ಟು ಅಂಚನ್ನು ಒತ್ತಿ. ಅಲುಗಾಡಿದರೆ ತಳ ಸೊಟ್ಟ. ಜೇಬಿನ ಅಯಸ್ಕಾಂತ ಬೇಕಾಗುವುದು ಇಲ್ಲೇ. ಬಾಣಲೆಯ ತಳಕ್ಕೆ ಅದು ಗಟ್ಟಿಯಾಗಿ ಅಂಟಿದರೆ ಇಂಡಕ್ಷನ್ ಒಲೆಗೆ ಆಗುತ್ತದೆ, ಅಂಟದಿದ್ದರೆ ಆಗುವುದಿಲ್ಲ. ನಾನ್‌ಸ್ಟಿಕ್ ಪಾತ್ರೆಯ ಮೇಲೆ ಒಂದು ಗೀರು ಇದ್ದರೂ ನಾನು ಮುಟ್ಟುವುದಿಲ್ಲ, ಎಷ್ಟೇ ಅಗ್ಗವಿರಲಿ.

ಟವೆಲಿನ ಲೇಬಲ್ ಮೇಲೆ ಜಿಎಸ್ಎಂ ಅಂತ ಇರುತ್ತದೆ, ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಅನ್ನೋದು. 300ರಿಂದ 400 ಇದ್ದರೆ ಹಗುರ, ಬೇಗ ಒಣಗುತ್ತದೆ. 500–600 ಇದ್ದರೆ ದಪ್ಪ, ಮೆತ್ತಗೆ, ಆದರೆ ಒಣಗಲು ಹೊತ್ತು ಬೇಕು. ಬಿಸಿಲು ಕಡಿಮೆ ಬೀಳುವ ಮನೆಗೆ ಹಗುರದ್ದೇ ಒಳ್ಳೆಯದು ಅನ್ನೋದು ನನ್ನ ಅನುಭವ. ಬೆಡ್‌ಶೀಟಿನ ಥ್ರೆಡ್ ಕೌಂಟ್ ನೋಡಿ ಮಾತ್ರ ಮರುಳಾಗಬೇಡಿ. ಒಂದು ಚದರ ಇಂಚಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಎಷ್ಟು ಎಳೆ ಅನ್ನೋ ಲೆಕ್ಕ ಅದು. 200ರಿಂದ 400ರೊಳಗೆ ಒಳ್ಳೆಯ ಹತ್ತಿಯ ಶೀಟು ಸಿಗುತ್ತದೆ. 1000, 1200 ಅಂತ ಇದ್ದರೆ ಸಾಮಾನ್ಯವಾಗಿ ಹುರಿ ಮಾಡಿದ ಒಂದೇ ನೂಲಿನ ಒಳಗಿನ ಎಳೆಗಳನ್ನೂ ಬಿಡಿಬಿಡಿಯಾಗಿ ಎಣಿಸಿರುತ್ತಾರೆ. ಸಂಖ್ಯೆ ಬಿಡಿ, ಪೊಟ್ಟಣದ ಮೂಲೆಯಲ್ಲಿ ಬೆರಳು ತೂರಿಸಿ ಮುಟ್ಟಿ ನೋಡಿ.

ಪರದೆ ಕೊಳ್ಳುವಾಗ ಕಂಬಿಯ ಅಗಲದ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಬೇಕು, ಇಲ್ಲದಿದ್ದರೆ ಎಳೆದಾಗ ನೆರಿಗೆಯೇ ಬೀಳದೆ ಬೆಡ್‌ಶೀಟ್ ಒಣಗಿಹಾಕಿದಂತೆ ಕಾಣುತ್ತದೆ. ಸಣ್ಣ ಮೇಜು, ಸ್ಟೂಲು ಇದ್ದರೆ ತಲೆಕೆಳಗು ಮಾಡಿ. ಮೇಲಿನ ಹಲಗೆಯ ಗೆರೆ ಅಂಚು ದಾಟಿ ಬದಿಗೂ ಮುಂದುವರಿದರೆ ಅದು ಗಟ್ಟಿ ಮರ, ಅಂಚಿನಲ್ಲಿ ಪಟ್ಟಿ ಅಂಟಿಸಿದ್ದರೆ ಒಳಗೆ ಪುಡಿ ಒತ್ತಿದ ಹಲಗೆ. ಡಬ್ಬಿಯಲ್ಲಿ ಬಂದ ಸೆಟ್ ಆದರೆ ಅಲ್ಲೇ ಬಿಚ್ಚಿಸಿ ಎಣಿಸಿ. ಆರರಲ್ಲಿ ಐದು ಬಟ್ಟಲು ಇರುವುದು, ಸ್ಕ್ರೂ ಪೊಟ್ಟಣವೇ ಇಲ್ಲದಿರುವುದು ಇಂಥ ಕಡೆ ಹೊಸತಲ್ಲ.

ಲೆಕ್ಕ, ಬಿಲ್ಲು, ಮೊದಲ ಒಗೆತ

50 ಪರ್ಸೆಂಟ್ ಮೇಲೆ ಇನ್ನೂ 20 ಅಂದರೆ 70 ಅಲ್ಲ. ನೂರು ಐವತ್ತಾಯಿತು, ಐವತ್ತರಲ್ಲಿ ಇಪ್ಪತ್ತು ಪರ್ಸೆಂಟ್ ಅಂದರೆ ಹತ್ತು, ಉಳಿದದ್ದು ನಲವತ್ತು. ಅಂದರೆ 60. ಎರಡು ಕೊಂಡರೆ ಒಂದು ಉಚಿತ ಅನ್ನೋದು ಸುಮಾರು 33 ಪರ್ಸೆಂಟ್. ಎರಡನೆಯದು ಅರ್ಧ ಬೆಲೆಗೆ ಅನ್ನೋದು ಬರೀ 25. ಎರಡನೆಯದು ಬೇಡವೇ ಬೇಡ ಅಂತಿದ್ದರೆ ಸೊನ್ನೆ. ಇದರ ಜೊತೆಗೆ ನಾನು ಇನ್ನೊಂದು ಲೆಕ್ಕ ಮಾಡುತ್ತೇನೆ, ಬೆಲೆಯನ್ನು ಎಷ್ಟು ಸಲ ಹಾಕುತ್ತೇನೆ ಅನ್ನೋದರಿಂದ ಭಾಗಿಸುವುದು. ಎರಡು ಪಟ್ಟು ಬೆಲೆಯ ಪ್ಯಾಂಟನ್ನು ನೂರು ಸಲ ಹಾಕಿದರೆ, ಹತ್ತೇ ಸಲ ಹಾಕುವ ಅಗ್ಗದ ಪ್ಯಾಂಟಿಗಿಂತ ಅದು ಐದು ಪಟ್ಟು ಅಗ್ಗ.

ದುಡ್ಡು ಕೊಡುವ ಮುಂಚೆ ಬುಟ್ಟಿಯನ್ನು ಒಂದು ಬದಿಗಿಟ್ಟು ಎಲ್ಲವನ್ನೂ ಮತ್ತೊಮ್ಮೆ ನೋಡಿ. ಇದನ್ನು ಯಾವುದರ ಜೊತೆ ಹಾಕುತ್ತೇನೆ? ಮನೆಯಲ್ಲಿ ಎಲ್ಲಿಡುತ್ತೇನೆ? ಉತ್ತರ ತಕ್ಷಣ ಬರದಿದ್ದರೆ ವಾಪಸ್ ಇಡಿ, ತೆಗೆದ ಜಾಗದಲ್ಲೇ ಇಡಿ. ಅಲ್ಲಿ ಕೆಲಸ ಮಾಡುವವರು ದಿನವಿಡೀ ನಾವು ಕೆದಕಿದ್ದನ್ನೇ ಮಡಚುತ್ತಿರುತ್ತಾರೆ. ಹಿಂದಿರುಗಿಸಬಹುದಾ, ಎಷ್ಟು ದಿನದೊಳಗೆ, ದುಡ್ಡು ಕೊಡುತ್ತಾರಾ ಅಥವಾ ಬದಲಿ ಮಾಲಾ ಅಂತ ಬಿಲ್ ಆಗುವ ಮುಂಚೆಯೇ ಕೇಳಿ. ಬಿಲ್ಲಿನ ಮಸಿ ಬೇಗ ಮಾಸುತ್ತದೆ, ಅಲ್ಲೇ ಫೋಟೋ ತೆಗೆದುಕೊಳ್ಳಿ.

ಮನೆಗೆ ಬಂದ ಮೇಲೆ ಹಗಲು ಬೆಳಕಿನಲ್ಲಿ ಇನ್ನೊಮ್ಮೆ ಹಾಕಿ ನೋಡಿ, ಅಲ್ಲಿಯವರೆಗೂ ಟ್ಯಾಗ್ ಕತ್ತರಿಸಬೇಡಿ. ಇಟ್ಟುಕೊಳ್ಳುವುದು ಖಾತ್ರಿಯಾದರೆ ಹಾಕುವ ಮುಂಚೆ ಒಂದು ಸಲ ಒಗೆಯಿರಿ. ಹೊಸ ಬಟ್ಟೆಯಲ್ಲಿ ಉಳಿದ ಬಣ್ಣ ಇರುತ್ತದೆ, ಸುಕ್ಕಾಗದ ಬಟ್ಟೆಗಳಿಗೆ ಹಾಕುವ ಫಾರ್ಮಾಲ್ಡಿಹೈಡ್ ರಾಳದಿಂದ ಕೆಲವರ ಚರ್ಮ ಕೆರೆಯುತ್ತದೆ. ಗಾಢ ಬಣ್ಣದ್ದನ್ನು ಮೊದಲ ಎರಡು ಮೂರು ಸಲ ಬೇರೆಯಾಗಿಯೇ ಒಗೆಯಿರಿ. ಹೊಸ ಟವೆಲಿಗೆ ಸಾಫ್ಟ್ನರ್ ಹಾಕಬೇಡಿ, ನೀರು ಹೀರುವ ಗುಣ ಕಡಿಮೆಯಾಗುತ್ತದೆ.

ನನ್ನ ಲಿನನ್ ಅಂಗಿಗೆ ಗುಂಡಿ ಸಿಕ್ಕಿತು. ಬೇರೆಲ್ಲೂ ಹುಡುಕಬೇಕಾಗಲಿಲ್ಲ, ಒಳಗಡೆ ಒಗೆಯುವ ಲೇಬಲ್ಲಿನ ಹಿಂದೆ ಹೊಲಿದ ಬಿಡಿ ಗುಂಡಿ ಹಾಗೇ ಇತ್ತು.